ನೊಣದಮ್ಮನ ಬೀಗ

ಪ್ರಯೋಗಾಲಯದಲ್ಲಿ ನನ್ನ ತಂಗಿಯನ್ನು ಎಲ್ಲರೂ ನೊಣದಮ್ಮ ಅನ್ನುತ್ತಿದ್ದರು. ಅವಳು ನೋಡಿಕೊಳ್ಳುತ್ತಿದ್ದದ್ದು ನೊಣಗಳನ್ನಲ್ಲ. ನೊಣದ ಮೊಟ್ಟೆಯಿಂದ ಎಂದೋ ತೆಗೆದು, ಚಪ್ಪಟೆ ಬಾಟಲಿಗಳಲ್ಲಿ ಬೆಳೆಸಿಕೊಂಡು ಬಂದ ಜೀವಕೋಶಗಳನ್ನು. ರೋಗಾಣು ಕೋಶದೊಳಗೆ ಹೇಗೆ ನುಗ್ಗುತ್ತದೆ ಎಂದು ತಿಳಿಯಲು ಅಲ್ಲಿನ ಮೇಡಂ ಇವುಗಳ ಮೇಲೆ ರೋಗಾಣು ಬಿಡುತ್ತಿದ್ದರು. ಮನುಷ್ಯರ ಕೋಶಗಳಷ್ಟು ಮುದ್ದು ಇವಕ್ಕೆ ಬೇಡವಂತೆ, ಕೋಣೆಯ ಕಾವೇ ಸಾಕಂತೆ.

ತಂಗಿಗೆ ಹುಟ್ಟಿದಾಗಿನಿಂದ ಅನುಮಾನ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನುವಳು, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ ಅನ್ನುವಳು. ಹೊರಗಿನ ಬ್ಯಾಕ್ಟೀರಿಯಾ ಸೇರಿ ಬಾಟಲಿಯೊಂದು ಮಬ್ಬಾದರೆ ಮೊದಲು ಸಿಕ್ಕಿಬೀಳುತ್ತಿದ್ದವನು ಅವಳ ಕೈಕೆಳಗಿನ ಮೆದು ಮಾತಿನ ಸಹಾಯಕ. ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದಳು.

"ಕೈ ತೊಳೆದ್ಯಾ?"

"ತೊಳೆದೆ ಅಕ್ಕ."

"ಯಾವತ್ತು?"

ನನ್ನ ಮಂಡಿಯ ಆಪರೇಷನ್ನಿಗೆ ಅವಳು ರಜೆ ಹಾಕಿ ಬಂದಳು. ಬಾಟಲಿಗಳು ಕನ್ನಡಕನ ಪಾಲಾದವು. ಹಿಂದಿರುಗಿ ನೋಡಿದರೆ ಕೋಶಗಳು ಚೆನ್ನಾಗಿಯೇ ಇದ್ದವು, ಆದರೆ ಮೇಡಂ ಬಿಟ್ಟ ರೋಗಾಣು ಒಂದೂ ಒಳಗೆ ಹೋಗಲಿಲ್ಲ. ಮತ್ತೊಮ್ಮೆ ಬಿಟ್ಟರೂ ಅದೇ ಕಥೆ.

"ಇನ್ನೊಂದ್ಸಲ ಹೀಗಾದ್ರೆ ಬಾಟಲಿಗಳನ್ನ ಬೇರೆಯವರ ಕೈಗೆ ಕೊಡ್ತೀನಿ," ಅಂದರು ಮೇಡಂ.

ಗಂಡ ಮಕ್ಕಳಿಲ್ಲದ ನನ್ನ ತಂಗಿಗೆ ಆ ಬಾಟಲಿಗಳೇ ಸಂಸಾರ. ಕಪಾಟಿಗೆ ಬೀಗ ಜಡಿದು ಕೀಲಿಯನ್ನು ಕೊರಳಿಗೆ ಹಾಕಿಕೊಂಡಳು. ಹಿಮಗಟ್ಟಿಸಿ ಇಟ್ಟಿದ್ದ ಹಳೆಯ ಕೋಶಗಳನ್ನು ತೆಗೆದು, ತಾನೇ ಹೊಸದಾಗಿ ಕಲಸಿದ ಆಹಾರದ ನೀರಿನಲ್ಲಿ ಬೆಳೆಸಿದಳು. ಕನ್ನಡಕನನ್ನು ಹತ್ತಿರ ಸುಳಿಯಗೊಡಲಿಲ್ಲ. ಈ ಸಲ ರೋಗಾಣುಗಳು ಸಲೀಸಾಗಿ ಒಳಹೊಕ್ಕವು.

ಸಂಜೆ ನನ್ನ ಹಾಸಿಗೆಯ ಪಕ್ಕ ಕುಳಿತು ಹಲ್ಲು ಕಡಿದಳು. "ಅವನೇ ಕಣೇ ಹಾಳ್ಮಾಡಿದ್ದು. ನನ್ನ ಜಾಗದ ಮೇಲೆ ಕಣ್ಣು ಅವನಿಗೆ."

"ಅವನನ್ನ ಕೇಳಿದ್ಯಾ?"

"ಕಳ್ಳನ್ನ ಕೇಳೋದೇನು?"

"ಆದ್ರೂ ಕೇಳೇ."

ಮರುದಿನ ಕೇಳಿದಳು. ಅವನು ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದಂತೆ.

"ಒಂದು ಬಾಟಲಿ ಮಬ್ಬಾದ್ರೂ ನನ್ನ ಚರ್ಮ ಸುಲೀತೀರಲ್ಲ ಅಕ್ಕ. ಅದಕ್ಕೇ ಆಹಾರದ ನೀರಿಗೆ ಬ್ಯಾಕ್ಟೀರಿಯಾ ಸಾಯೋ ಔಷಧಿ ಸ್ವಲ್ಪ ಹಾಕಿಟ್ಟೆ."

ಮೇಡಂ ಬಿಟ್ಟ ರೋಗಾಣುವೂ ಬ್ಯಾಕ್ಟೀರಿಯಾವೇ; ಅದನ್ನೂ ಆ ಔಷಧಿ ಬಾಗಿಲಲ್ಲೇ ಮುಗಿಸಿತ್ತು.

ಅವನ ಮೇಲೆ ದೂರು ಹೇಳಲೆಂದೇ ಮೇಡಂ ಕೋಣೆಗೆ ಹೋದವಳು, "ನನ್ನ ಬಾಯಿಗೆ ಹೆದರಿ ಮಾಡಿದ್ದಾನೆ, ಬಿಟ್ಬಿಡಿ," ಎಂದು ಹೊರಬಂದಳು. ಕೊರಳಿನ ಕೀಲಿ ತೆಗೆದು ಅವನ ಕೈಗಿಟ್ಟಳು.

ಕೊಟ್ಟಮೇಲೆ ಬಾಗಿಲ ಮರೆಗೆ ನಿಂತು, ಅವನು ಕೈ ತೊಳೆಯುತ್ತಾನೋ ಇಲ್ಲವೋ ಎಂದು ಇಣುಕಿದಳಂತೆ.