ಕೆಂಪೋ ಹಳದಿಯೋ

ಯಿಂಬಾಲ್ ವಾಘಿ ಕಣಿವೆಯಿಂದ ಬೈಯರ್ ಕಣಿವೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮೈದುನ ರೈಮಾ ಅವಳನ್ನು ಛೇಡಿಸುವುದನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಅದಕ್ಕೆ ಅವನಿಗೆ ಸಿಕ್ಕಿದ್ದು ಕುಮುಲ್, ಕುಣಿಯುವವರು ಗರಿ ಮುಡಿಯುವ ಸ್ವರ್ಗದ ಹಕ್ಕಿ. ಅವಳ ತವರಿನ ಕುಮುಲ್‌ಗೆ ಪಕ್ಕೆಯ ಗರಿ ಕೆಂಪು, ಇಲ್ಲಿಯದಕ್ಕೆ ಹಳದಿ. ಮಿಕ್ಕಂತೆ ಎರಡೂ ಅಕ್ಕತಂಗಿಯರ ಮಕ್ಕಳೇ: ಅದೇ ಹಳದಿ ನೆತ್ತಿ, ಅದೇ ಹಸಿರು ಗಂಟಲು, ಹೆಣ್ಣಿನ ಮುಂದೆ ಅದೇ ಒಣ ಜಂಬ. ನಿಮ್ಮೂರಿನದು ಬೆಂಕಿಗೆ ಬಿದ್ದು ಎದ್ದು ಬಂದದ್ದು ಎಂದು ಅವನು, ನಿಮ್ಮದಕ್ಕೆ ಕಾಮಾಲೆ ಎಂದು ಇವಳು.

ಐದು ವರ್ಷದ ಹಿಂದೆ ಅವಳ ಗೆಣಸಿನ ಹೊಲದ ಮೇಲಿನ ಮರಕ್ಕೆ ಒಂದು ಎಳೆಯ ಗಂಡು ಬರತೊಡಗಿತು. ಪಕ್ಕೆಯ ಬಣ್ಣದ ಗರಿ ಮೂಡಲು ವರ್ಷಗಳೇ ಬೇಕು, ಅಲ್ಲಿಯವರೆಗೆ ಗಂಡೂ ಹೆಣ್ಣಿನಂತೆ ಕಂದು. ಹೊಟ್ಟೆ ಬೆಳ್ಳಗಿದ್ದರೆ ಇಲ್ಲಿಯದು, ಕಂದಾಗಿದ್ದರೆ ಅಲ್ಲಿಯದು. ಈ ಪುಣ್ಯಾತ್ಮನದೋ ಎರಡೂ ಅಲ್ಲದ ಕೆಸರು ಬಣ್ಣ. ಮರ ರೈಮಾನ ಪಾಲಿನದು, ಅದರಲ್ಲಿ ಕೂರುವ ಹಕ್ಕಿಯೂ ಅವನದೇ. ಹಳದಿ ಮೂಡಿದರೆ ಹೊಡೆದು ಕುಣಿತದ ಕಿರೀಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ, ಕೆಂಪಾದರೆ ನಿನ್ನ ತವರಿನವನು, ಮುಟ್ಟುವುದಿಲ್ಲ ಎಂದು ಅವನು ಮಾತು ಕೊಟ್ಟ.

ಯಿಂಬಾಲ್ ದಿನಾ ಗೆಣಸು ಅಗೆಯುತ್ತ ಅದನ್ನು ನೋಡಿದಳು. ಗರಿಯಿಲ್ಲದೆಯೇ ಅದು ಕೊಂಬೆಯ ಮೇಲೆ ಕುಣಿತ ಕಲಿಯುತ್ತಿತ್ತು, ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಬೋಳಾ, ಯಾರಿಗೆ ತೋರಿಸ್ತೀಯೋ ಎಂದು ಬೈಯುತ್ತಲೇ ಅವಳು ಅದಕ್ಕೆ ಮನಸೋತಳು. ಕೆಂಪಾಗಲಿ ಎಂದು ಹರಕೆಯನ್ನೂ ಹೊತ್ತಳು.

ಈ ವರ್ಷ ಗರಿ ಮೂಡಿದ ಸುದ್ದಿ ಕೇಳಿ ಬೆಳಿಗ್ಗೆಯೇ ರೈಮಾ ಬಿಲ್ಲು ಹಿಡಿದು ಬಂದ. ಅಗೆಯುವುದು ಬಿಟ್ಟು ಯಿಂಬಾಲ್ ತಲೆ ಎತ್ತಿದಳು; ಮಡಚಿದ ಗರಿಯ ಬಣ್ಣ ಕೆಳಗಿನಿಂದ ಅವಳಿಗೂ ಈವರೆಗೆ ಸರಿಯಾಗಿ ಕಂಡಿರಲಿಲ್ಲ. ಹಕ್ಕಿ ತಲೆ ಬಗ್ಗಿಸಿ ಗರಿ ಕೆದರಿತು. ಕೆಂಪೂ ಅಲ್ಲ, ಹಳದಿಯೂ ಅಲ್ಲ, ಮಾಗಿದ ಪಪ್ಪಾಯಿಯ ಬಣ್ಣ. ರೈಮಾ ಎಳೆದಿದ್ದ ಹೆದೆಯನ್ನು ನಿಧಾನವಾಗಿ ಸಡಿಲಿಸಿದ. ಕುಣಿತದ ಸಾಲಿನಲ್ಲಿ ಎಲ್ಲರ ತಲೆಯ ಮೇಲೂ ಒಂದೇ ಬಣ್ಣವಿರಬೇಕು.

"ಇದನ್ನ ಮುಡ್ಕೊಂಡು ಹೋದ್ರೆ ನನ್ನನ್ನ ಸಾಲಿಂದ ಆಚೆ ತಳ್ತಾರೆ ಅತ್ತಿಗೆ. ನಿಮ್ಮೋರಾದ್ರೂ ಮುಡೀತಾರಾ?"

"ನಮ್ಮೋರಾ? ಮೂಸಿ ಕೂಡ ನೋಡಲ್ಲ," ಎಂದಳು ಯಿಂಬಾಲ್. ನಗು ತಡೆಯಲಾಗದೆ ಗೆಣಸಿನ ಬಳ್ಳಿಯ ಮೇಲೆಯೇ ಕುಸಿದು ಕೂತಳು, ಕಣ್ಣಲ್ಲಿ ನೀರು. "ಎರಡೂ ಕಡೆಯೋರಿಗೆ ಬೇಡವಾಯ್ತಲ್ಲಪ್ಪಾ. ಇನ್ನು ಬದುಕ್ತಾನೆ ಬಿಡು."