ಬಿಡಿಸಲಾಗದ ಅಂಟು

ಬೆಳಗಿನ ರೈಲಿನಿಂದ ಬಾಗಲಕೋಟೆಯಲ್ಲಿ ಇಳಿದಾಗ ಮೋಡ ಕವಿದಿತ್ತು. ಮಳೆ ಬರಲಿಲ್ಲ, ಸೆಕೆ ಹೆಚ್ಚಿತು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂದು ಇಳಕಲ್ ಬಸ್ಸು ಹತ್ತಿದೆ. ಮ್ಯೂಸಿಯಂಗಳಲ್ಲಿ ಪುಡಿಯಾಗುತ್ತಿರುವ ಪಳೆಯುಳಿಕೆಗಳಿಗೆ ತೆಳುವಾದ ಅಂಟು ಕುಡಿಸಿ ಗಟ್ಟಿ ಮಾಡುವುದು ನನ್ನ ಕೆಲಸ. ಚೀಲದಲ್ಲಿದ್ದ, ಅಂಟು ಕರಗಿಸುವ ಅಸಿಟೋನಿನ ವಾಸನೆಗೆ ಕಂಡಕ್ಟರ್ ಮೂಗು ಅರಳಿಸಿದ. "ಏನ್ರಿ ಅಕ್ಕಾರ, ಉಗುರಬಣ್ಣದ ವಾಸನಿ ಬರಾಕತ್ತೈತಿ?" ಅನ್ನುತ್ತ ಹೆಂಗಸರ ಉಚಿತ ಚೀಟಿ ಹರಿದುಕೊಟ್ಟ.

ಹುನಗುಂದ ದಾಟಿದ ಮೇಲೆ ರಸ್ತೆಯ ಬದಿಗೆಲ್ಲ ಕೆಂಪು ಕಲ್ಲಿನ ಚಪ್ಪಡಿಗಳು. ಇಳಕಲ್ಲಿನಲ್ಲಿ ಲಾಲಸಾಬರು ಕಾಯುತ್ತಿದ್ದರು. ಗ್ರಾನೈಟ್ ಪಾಲಿಶ್ ಮಾಡುವವರು. ಹುನಗುಂದದ ಹತ್ತಿರ ಹಳ್ಳದ ದಂಡೆ ಕುಸಿದಾಗ ಹಳೆಗಾಲದ ಕಾಡೆತ್ತಿನ ತಲೆಬುರುಡೆ ಕಂಡು, ಗೋಣಿಯಲ್ಲಿ ಸುತ್ತಿ ಮನೆಗೆ ತಂದಿದ್ದರು.

ಅವರ ಮನೆಯ ಪಡಸಾಲೆಯಲ್ಲಿ ಅದು ಗಾಜಿನಂತೆ ಹೊಳೆಯುತ್ತಿತ್ತು. ಇದಕ್ಕೆ ಏನು ಹಚ್ಚಿದ್ದೀರಿ ಎಂದು ಲಾಲಸಾಬರನ್ನು ಕೇಳಿದೆ.

"ಒಣಗಿ ಬಿರುಕ ಬಿಟ್ಟಿತ್ರಿ. ನಿಮ್ಮ ಮ್ಯೂಸಿಯಂಗೆ ಮ್ಯಾಲಿಂದ ಮ್ಯಾಲೆ ಫೋನ್ ಮಾಡಿದೆ. ಬರ್ತೇವಿ ಅಂದ್ರು. ಎರಡು ಮಳಿಗಾಲ ಹೋದುವು. ಕಡೀಕ ಕಲ್ಲಿನ ಬಿರುಕಿಗೆ ಹಾಕೋ ರಾಳ ಸುರುವಿದೆ. ಗ್ರಾನೈಟ್ ಹಿಡಿತೈತಿ, ಎಲುವು ಹಿಡಿಲಾರದೇನು ಅಂತ."

ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಉಜ್ಜಿದೆ. ರಾಳ ಜಗ್ಗಲಿಲ್ಲ. ನಾವು ಹಚ್ಚುವ ಅಂಟನ್ನು ಬೇಕೆಂದಾಗ ಕರಗಿಸಿ ತೆಗೆಯಬಹುದು, ಇದು ಕರಗುವುದಿಲ್ಲ ಎಂದೆ.

ಅಡಿಭಾಗ ನೋಡಲು ಇಬ್ಬರೂ ಮೆಲ್ಲಗೆ ಎತ್ತಿದೆವು. ರಾಳದ ಚಿಪ್ಪು ಎಲುಬಿನ ಮೇಲ್ಮೈಯನ್ನೂ ಕಿತ್ತುಕೊಂಡು ನನ್ನ ಕೈಗೆ ಬಂತು. ರಾಳ ಇಳಿಯದ ಒಳಭಾಗ ಹಿಟ್ಟಿನಂತೆ ಚಾಪೆಯ ಮೇಲೆ ಸುರಿಯಿತು. ಲಾಲಸಾಬರು ಅದನ್ನು ಎರಡೂ ಕೈಯಿಂದ ತಾಟಿಗೆ ಬಳಿದರು.

"ಇದಕ್ಕ ನಿಮ್ಮ ಅಂಟು ನಡಿಯಂಗಿಲ್ಲೇನ್ರಿ?"

"ಇಲ್ಲ."

ಕೆಳದವಡೆಯೊಂದು ಉಳಿದಿತ್ತು. ರಾಳ ಮುಗಿದದ್ದರಿಂದ ಅದಕ್ಕೆ ಹಚ್ಚಿರಲಿಲ್ಲ. ಮಧ್ಯಾಹ್ನವೆಲ್ಲ ಹನಿಹನಿಯಾಗಿ ಅಂಟು ಬಿಟ್ಟೆ. ಎಲುಬು ಬಾಯಾರಿದ ಮಣ್ಣಿನಂತೆ ಹೀರಿಕೊಂಡಿತು. ಒಂದು ಹಲ್ಲು ಉದುರಿತು, ಉಳಿದವು ನಿಂತವು. ಅವರ ಹೆಂಡತಿ ಇಟ್ಟ ರೊಟ್ಟಿ, ಶೇಂಗಾ ಚಟ್ನಿ ಯಾರಿಗೂ ಇಳಿಯಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನವರೆಗೂ ದವಡೆಯ ಪೆಟ್ಟಿಗೆಯನ್ನು ಅವರೇ ಎತ್ತಿಕೊಂಡು ಬಂದರು. ಪತ್ತೆ ಮಾಡಿದವರ ಹೆಸರು ಮ್ಯೂಸಿಯಂನಲ್ಲಿ ಹಾಕುತ್ತೇವೆ, ಪೂರ್ತಿ ಹೆಸರು ಹೇಳಿ ಎಂದೆ.

"ನನ್ನ ಹೆಸರು ಬ್ಯಾಡ್ರಿ. ಸಾವಿರಾರು ವರ್ಷ ಮಣ್ಣಾಗ ಇದ್ದದ್ದು ನನ್ನ ಕೈಯಾಗ ಹಾಳಾತು."

ನಮ್ಮವರು ಮೊದಲ ಫೋನಿಗೇ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಅವರು ಉಗುರುಗಳಲ್ಲಿ ಸಿಕ್ಕಿದ್ದ ಎಲುಬಿನ ಪುಡಿಯನ್ನು ನೋಡುತ್ತ ನಿಂತಿದ್ದರು, ಕೊಡವಿಕೊಳ್ಳಲಿಲ್ಲ.