ಹಳದಿ ಅಂಗಿಯ ಲಿಬೆರೊ

ಟೀವಿಯಲ್ಲಿ ಹೆಂಗಸರ ವಾಲಿಬಾಲ್ ಬಂದರೆ ನಮ್ಮನೆಯವರೆಲ್ಲ ಸರ್ವ್ ನೋಡುತ್ತಾರೆ. ಚೆಂಡನ್ನು ಮೇಲಕ್ಕೆಸೆದು, ಓಡಿ ಬಂದು, ಹಾರಿ ಹೊಡೆಯುವ ಆ ಹೊಡೆತಕ್ಕೆ ನನ್ನ ಗಂಡ ಕುರ್ಚಿಯಿಂದಲೇ ಎದ್ದುಬಿಡುತ್ತಾರೆ, ತಾವೇ ಹೊಡೆದವರ ಹಾಗೆ. ನನ್ನ ಕಣ್ಣು ಮಾತ್ರ ಗೆರೆಯಾಚೆ ಬೇರೆ ಬಣ್ಣದ ಅಂಗಿ ತೊಟ್ಟು ನಿಂತ ಕುಳ್ಳಿಯ ಮೇಲಿರುತ್ತದೆ. ಅವಳು ಲಿಬೆರೊ. ಸರ್ವ್ ಮಾಡುವಂತಿಲ್ಲ, ನೆಟ್ಟಿನ ಮೇಲೆ ಹಾರಿ ಹೊಡೆಯುವಂತಿಲ್ಲ; ಬೀಳುವ ಚೆಂಡನ್ನು ಎತ್ತಿಕೊಡುವುದಷ್ಟೇ ಅವಳ ಕೆಲಸ. ಪಾಂಡವಪುರದಲ್ಲಿ ಹೈಸ್ಕೂಲು ಓದುವಾಗ ನಾನೂ ಅದೇ ಆಗಿದ್ದೆ.

ಇಷ್ಟಪಟ್ಟು ಆದದ್ದಲ್ಲ. ನನಗೂ ನನ್ನ ಗೆಳತಿಗೂ ಪಿ.ಟಿ. ಮೇಷ್ಟ್ರು ಸರ್ವ್ ಕಲಿಸಿದ್ದು ಒಟ್ಟಿಗೇ. ಅಂಗೈ ಗಟ್ಟಿ ಮಾಡಿ ಚೆಂಡಿನ ನಟ್ಟನಡುವಿಗೆ ಹೊಡೆದು, ಹೊಡೆದ ಕೈಯನ್ನು ಅಲ್ಲೇ ನಿಲ್ಲಿಸಿಬಿಡಬೇಕು. ಆಗ ಚೆಂಡು ತಿರುಗದೆ ತೇಲುತ್ತದೆ, ಎತ್ತಲು ಬಂದವಳ ಮುಂದೆ ಕುಡಿದವನ ಹಾಗೆ ಓಲಾಡುತ್ತದೆ. ಇಬ್ಬರಿಗೂ ಅದು ಕೈಹತ್ತಿತು. ಆದರೆ ಅವಳು ಬೆಳೆದಳು, ನಾನು ಬೆಳೆಯಲಿಲ್ಲ. ಎದುರಾಳಿಯ ಹೊಡೆತ ತಡೆಯಲು ಮೇಷ್ಟ್ರು ಅವಳನ್ನು ನೆಟ್ಟಿನ ನಡುವೆ ನಿಲ್ಲಿಸಿದರು, ನನಗೆ ಕಬಡ್ಡಿ ತಂಡದ ಹಳೆಯ ಹಳದಿ ಅಂಗಿ ಕೊಟ್ಟರು. ಅದು ಮೊಣಕಾಲಿನವರೆಗೆ ಬರುತ್ತಿತ್ತು. ಸಿಟ್ಟಿಗೆ ಒಂದಷ್ಟು ದಿನ ಮೇಷ್ಟ್ರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಗಲೇ ಇಲ್ಲ.

ಆಟದ ನಿಯಮ ಇನ್ನೂ ವಿಚಿತ್ರ. ಅವಳು ಮುಂದಿನ ಸಾಲಿನಲ್ಲಿರುವಷ್ಟು ಹೊತ್ತು ನಾವು ಜೊತೆಯಲ್ಲಿ ಆಡಬಹುದು. ಸರದಿಯಂತೆ ಜಾಗ ಬದಲಾಗಿ ಅವಳು ಹಿಂದಕ್ಕೆ ಬಂದಾಗ, ಅವಳ ಸರ್ವ್ ಮುಗಿದ ಕೂಡಲೇ ಅವಳು ಆಚೆ, ಅವಳ ಜಾಗಕ್ಕೆ ನಾನು ಒಳಗೆ. ಅವಳು ಸರ್ವ್ ಮಾಡುವಾಗೆಲ್ಲ ನಾನು ಗೆರೆಯಾಚೆ ನಿಂತು ನೋಡಬೇಕು. ಎಷ್ಟು ಹೊಟ್ಟೆ ಉರಿದುಕೊಂಡಿದ್ದೇನೋ ಅಷ್ಟೇ ಆಸೆಯಿಂದ ನೋಡಿದ್ದೇನೆ.

ಒಂಬತ್ತನೇ ತರಗತಿಯಲ್ಲಿದ್ದಾಗ ನಾಗಮಂಗಲದಲ್ಲಿ ಒಂದು ಪಂದ್ಯವಿತ್ತು. ಮೈಸೂರಿನ ಒಂದು ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಮೇಡಂ ಒಬ್ಬರು ಬರುವವರಿದ್ದರು. ಗೆಳತಿಗೆ ಅಲ್ಲಿ ಸೇರಲೇಬೇಕೆಂಬ ಹಟ. ಅವಳ ಅಪ್ಪ ಲಗೇಜ್ ಟೆಂಪೊ ಓಡಿಸುತ್ತಿದ್ದರು, ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ತಂಡವನ್ನೆಲ್ಲ ಅದರಲ್ಲೇ ಕರೆದೊಯ್ದರು. ಹೊರಡುವ ಮೊದಲೇ ಮಗಳಿಗೆ ಹೇಳಿದ್ದರು: “ಇವತ್ತು ನೋಡ್ತೀನಿ ಬೇಟಿ. ನಿಜವಾಗ್ಲೂ ಆಡಕ್ಕೆ ಬಂದ್ರೆ ಮೈಸೂರಿಗೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲಿಗೆ ಬುಟ್ಬುಡು.”

ನಾವು ಯಾರೂ ಒಂದು ವಿಷಯ ಯೋಚಿಸಿರಲಿಲ್ಲ. ನಾವು ಆಡಿ ಕಲಿತ ಅಂಗಳದ ಮೂರು ಕಡೆಯೂ ನಾಲೆ ನೀರಿನ ಕಬ್ಬು, ಆಳೆತ್ತರ ಮೀರಿದ್ದು. ಅದರೊಳಗೆ ಗಾಳಿ ಎಂಬುದೇ ಬರುತ್ತಿರಲಿಲ್ಲ. ನಾಗಮಂಗಲದ ಮೈದಾನವೋ ಬಟಾಬಯಲು. ಅಂಚಿನ ತೆಂಗಿನ ಸಾಲು ಬಿಟ್ಟರೆ ಗಾಳಿಗೆ ಅಡ್ಡ ಏನೂ ಇಲ್ಲ. ಗೆಳತಿಯ ಮೊದಲ ಸರ್ವ್ ಗೆರೆ ದಾಟಿ, ನೋಡಲು ಬಂದವರ ನಡುವೆ ಬಿತ್ತು. ಮುಂದಿನ ಸಲ “ಮೆಲ್ಲುಗೆ ಒಡಿಯವ್ವ” ಎಂದು ಮೇಷ್ಟ್ರು ಕೂಗಿದರು. ಮೆಲ್ಲಗೆ ಹೊಡೆದಳು, ನೆಟ್ಟಿಗೆ ಬಿತ್ತು. ಪ್ರತಿ ಸಲವೂ ಅವಳು ತಲೆ ತಗ್ಗಿಸಿಕೊಂಡು ಆಚೆ ಬಂದಳು, ನಾನು ಒಳಗೆ ಓಡಿದೆ. ಮೊದಲ ಸೆಟ್ಟು ಸೋತೆವು.

ಚಾಚಾ ನೇರ ನಮ್ಮ ಹತ್ತಿರ ಬಂದರು. “ನೀನು ಕೆಟ್ಟದಾಗಿ ಒಡೀತೀಯ, ಆಚಿಕ್ಕೆ ಆಕ್ತಾವ್ರೆ, ಈ ಮಗೀನ ಒಳಿಕ್ಕೆ ಕರ್ಕೋತಾವ್ರೆ. ನಂಗೆ ಕಣ್ಣಿಲ್ವಾ? ಸಾಕು ಬಾ, ಟೆಂಪೊ ಅತ್ಕೊ,” ಎಂದರು ಮಗಳಿಗೆ. ನಿಯಮ ವಿವರಿಸುತ್ತ ಕೂರಲು ಹೊತ್ತಿರಲಿಲ್ಲ. “ಇನ್ನೊಂದು ಸೆಟ್ ನೋಡಿ ಚಾಚಾ,” ಎಂದು ಅವರ ಕೈ ಹಿಡಿದುಕೊಂಡೆ. ಗೊಣಗುತ್ತಲೇ ಹಿಂದಕ್ಕೆ ಹೋಗಿ ನಿಂತರು.

ನಮ್ಮಜ್ಜಿಯ ಊರು ನಾಗಮಂಗಲದ ಕಡೆಯದೇ. ಕಣದಲ್ಲಿ ರಾಗಿ ತೂರುವಾಗ ಅಜ್ಜಿ ಮೊರ ಎತ್ತಿ ಹಿಡಿದು, ತೆಂಗಿನ ಗರಿ ನೋಡುತ್ತ ಗಾಳಿ ಬರಲೆಂದು ಕಾಯುತ್ತಿದ್ದರು. ಆ ಮೈದಾನದ ತೆಂಗುಗಳನ್ನು ನೋಡಿದಾಗ ನನಗೆ ಅದು ನೆನಪಾಯಿತು. ನಾವು ಕಾಯಬೇಕಾದದ್ದು ಗಾಳಿ ನಿಲ್ಲುವುದಕ್ಕೆ. ಗೆಳತಿಯನ್ನು ಪಕ್ಕಕ್ಕೆಳೆದು ಹೇಳಿದೆ: “ಸೀಟಿ ಊದುದ್ಮೇಲೆ ಎಂಟು ಸೆಕೆಂಡು ಟೈಮದೆ ಕಣೇ. ದಡಬಡ ಒಡೀಬ್ಯಾಡ. ನಾನು ಆಚೆ ನಿಂತ್ಕಂಡು ಮರ ನೋಡ್ತಿರ್ತೀನಿ. ಗರಿ ಆಡದು ನಿಂತೇಟ್ಗೆ ತಲೆ ಆಡಿಸ್ತೀನಿ. ಆಗ ಒಡಿ.”

ಎರಡನೇ ಸೆಟ್ಟಿನಲ್ಲಿ ಅವಳ ಸರ್ವ್ ಬಂತು, ಸೀಟಿ ಆಯಿತು. ಅವಳು ಚೆಂಡು ಹಿಡಿದು ನಿಂತಳು, ಕಣ್ಣು ನನ್ನ ಮೇಲೆ. “ಏನಮ್ಮಾ, ನಿದ್ದೆ ಬಂತಾ?” ಎಂದು ಯಾರೋ ಹಿಂದಿನಿಂದ ಕಿಚಾಯಿಸಿದರು. ಗರಿಗಳು ಇಳಿಬಿದ್ದವು. ನಾನು ತಲೆಯಾಡಿಸಿದೆ. ಚೆಂಡು ನಮ್ಮ ಅಂಗಳದಲ್ಲಿ ಹೋಗುತ್ತಿದ್ದ ಹಾಗೆಯೇ ತೇಲಿ ಹೋಗಿ, ಎದುರಾಳಿಯ ಕೈಗೆ ತಗುಲಿ ಎಲ್ಲೋ ಹಾರಿತು. ಆಮೇಲೆ ಒಂದರ ಹಿಂದೊಂದು. ಆ ಹೊಡೆತಗಳಲ್ಲಿ ಅರ್ಧ ನನ್ನವೆಂದು ಆಗಲೂ ಅಂದುಕೊಂಡೆ, ಈಗಲೂ ಬಿಟ್ಟುಕೊಡುವುದಿಲ್ಲ.

ಆ ಸೆಟ್ಟು ಗೆದ್ದೆವು, ಕೊನೆಯದನ್ನು ಸೋತೆವು. ಆದರೂ ಮೇಡಂ ಅವಳನ್ನು ಆರಿಸಿದರು. ಚಾಚಾ ಮಾತ್ರ “ಯೋಚ್ನೆ ಮಾಡ್ಬೇಕು” ಎಂದಷ್ಟೇ ಹೇಳಿ ಗಾಡಿ ತೆಗೆದರು.

ಗೆಳತಿ ಹಿಂದೆ ಎಲ್ಲರ ಜೊತೆ ಕೂತಳು. ನನಗೆ ವಾಂತಿ ಬರುತ್ತದೆಂದು ಮುಂದೆ ಕೂರಿಸಿದ್ದರು. ಅರ್ಧ ದಾರಿಯಲ್ಲಿ ಚಾಚಾ ಕೇಳಿದರು: “ನಿಂದ್ಯಾಕವ್ವ ಬ್ಯಾರೆ ಬಣ್ಣದ ಅಂಗಿ?” ಎಲ್ಲ ವಿವರಿಸಿದೆ. ಅವಳನ್ನು ಆಚೆ ಹಾಕಿದ್ದಲ್ಲ, ಆಟದ ರೀತಿಯೇ ಹಾಗೆ, ಅವಳು ದಣಿವಾರಿಸಿಕೊಳ್ಳುವಾಗ ಅವಳ ಜಾಗ ಕಾಯುವುದೇ ನನ್ನ ಕೆಲಸ ಎಂದೆ. ತೊಣ್ಣೂರಿನ ತಿರುವು ದಾಟಿದ ಮೇಲೆ ಅವರು ಮತ್ತೆ ಕೇಳಿದರು:

“ಅಂಗಾರೆ ಮೈಸೂರಲ್ಲೂ ಇವಳ ಜಾಗ ಕಾಯಕ್ಕೆ ಒಬ್ಳು ಇರ್ತಾಳಾ?”

ಅವಳು ಹೋಗುತ್ತಾಳೆ ಎಂದು ನನಗೆ ಆಗ ಖಾತ್ರಿಯಾಯಿತು. ಹಿಂದೆ ಅವಳ ನಗು ಕೇಳುತ್ತಿತ್ತು. ಅವಳಿಲ್ಲದ ಅಂಗಳ ಕಣ್ಣ ಮುಂದೆ ಬಂತು.

“ಇರ್ತಾಳೆ ಚಾಚಾ,” ಎಂದೆ. “ಎಲ್ಲಾ ಟೀಮಲ್ಲೂ ಒಬ್ಳು ಇರ್ತಾಳೆ.”

ಹಳದಿ ಅಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡೆ. ಚಾಚಾ ನನ್ನತ್ತ ಒಮ್ಮೆ ನೋಡಿದರು. “ಧೂಳು ಕಣವ್ವ,” ಎಂದರು, “ಗಾಜು ಏರಿಸ್ಕೊ.”